ಅಭಿಮಾನವೂ ದಂಡನೀತಿಯೂ



ನ್ಯಾಯಕ್ಕೂ ಸಮಾಜಕ್ಕೂ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ಕುರಿತು ವರ್ಷಕ್ಕೊಮ್ಮೆ ಜನರ ಮುಂದೆ ವಿಚಾರ ನಡೆಯಬೇಕೆಂಬುದು ಈ ದತ್ತಿಯನ್ನು ಸ್ಥಾಪಿಸಿದ ಮಹನೀಯರ ಸಂಕಲ್ಪವಾಗಿದ್ದಿತಷ್ಟೆ. ಅಂಥ ವೇದಿಕೆಯಿಂದ ಕಾಲ್ಚೆಂಡಿನಾಟದ ಪ್ರೇಕ್ಷಕರನ್ನು ಕುರಿತು ಮಾತನಾಡಹೊರಟಿರುವುದು ವೇದಿಕೆಯ ಗೌರವಕ್ಕೆ ಕುಂದೆಂದು ಕೆಲವರಿಗೆ ತೋರಬಹುದು. ಆದರೆ ಸಾವಿರಾರು ಜನ ಒಂದೆಡೆ ನೆರೆದಾಗ ಪ್ರಭುತ್ವವು ಅವರನ್ನು ಯಾವ ಕಣ್ಣಿನಿಂದ ನೋಡುತ್ತದೆ, ಅವರಲ್ಲಿ ಕೆಲವರು ತಪ್ಪುಮಾಡಿದಾಗ ಉಳಿದವರನ್ನು ಹೇಗೆ ನಡೆಸಿಕೊಳ್ಳುತ್ತದೆ, ಹಾಗೆ ನಡೆಸಿಕೊಳ್ಳುವಲ್ಲಿ ತಾನೇ ತಪ್ಪಿದಾಗ ಯಾರಿಗೆ ಉತ್ತರ ಕೊಡುತ್ತದೆ ಎಂಬಿವು ದಂಡನೀತಿಯ ಮೂಲಪ್ರಶ್ನೆಗಳೇ ಆಗಿವೆ. ಮತ್ತು ಇಂಗ್ಲೆಂಡಿನ ಕಾಲ್ಚೆಂಡಿನ ಅಂಗಳದಲ್ಲಿ ಈ ಪ್ರಶ್ನೆಗಳು ಪರೀಕ್ಷೆಗೆ ಒಳಗಾದಷ್ಟು ನಿಷ್ಠುರವಾಗಿ, ಅಷ್ಟು ದುಃಖಕರವಾಗಿ, ಬೇರೆ ಯಾವ ಕ್ರೀಡೆಯ ಚರಿತ್ರೆಯಲ್ಲಿಯೂ ಒಳಗಾಗಲಿಲ್ಲವೆಂದು ನಾನು ನಂಬಿದ್ದೇನೆ.

ಮೊದಲು ಒಂದು ಶಬ್ದವಿಚಾರ. ಇಂಗ್ಲಿಷಿನಲ್ಲಿ ಇಂಥ ಪ್ರೇಕ್ಷಕನಿಗೆ ಸಲ್ಲುವ ‘ಫ್ಯಾನ್’ ಎಂಬ ಹೆಸರು ಮತೋನ್ಮತ್ತನೆಂಬ ಅರ್ಥದ ಶಬ್ದವೊಂದರ ಮೊಟಕು ರೂಪವೆಂದು ನಿಘಂಟುಕಾರರು ಹೇಳುತ್ತಾರೆ. ನಾವು ಅವನನ್ನು ‘ಅಭಿಮಾನಿ’ ಎನ್ನುತ್ತೇವೆ. ಸಂಸ್ಕೃತದಲ್ಲಿ ಅಭಿಮಾನವೆಂದರೆ ಬಹುಮಟ್ಟಿಗೆ ಅಹಂಕಾರವೇ. ಕನ್ನಡಕ್ಕೆ ಬಂದು ಆ ಮಾತು ತನ್ನ ಕಾಠಿನ್ಯವನ್ನು ಕಳೆದುಕೊಂಡು, ತನಗಿಂತ ದೊಡ್ಡದಾದ ಒಂದನ್ನು ತನ್ನದೆಂದು ಭಾವಿಸಿ ಅದರ ಏಳಿಗೆಯಲ್ಲಿ ಹಿಗ್ಗುವ, ಅದರ ಸೋಲಿನಲ್ಲಿ ಕುಗ್ಗುವ ಮನೋಧರ್ಮಕ್ಕೆ ಹೆಸರಾಯಿತು. ವಾರವೆಲ್ಲ ಲಿವರ್‌ಪೂಲಿನ ಹಡಗುಕಟ್ಟೆಯಲ್ಲಿ ಹೊರೆ ಹೊತ್ತವನಿಗೆ ಶನಿವಾರದ ಮಧ್ಯಾಹ್ನ ಮೂರು ಗಂಟೆಗೆ ಆಟದ ಬಯಲಿನ ಸೋಪಾನಗಳ ಮೇಲೆ ತನ್ನಂಥವರೊಡನೆ ಭುಜಕ್ಕೆ ಭುಜ ತಾಗಿಸಿ ನಿಂತು ಕೂಗುವುದು ಕೇವಲ ಮನೋರಂಜನೆಯಾಗಿರಲಿಲ್ಲ. ಊರು, ಕೇರಿ, ತಂದೆಯ ತಂದೆ, ಇವೆಲ್ಲಕ್ಕೂ ತಾನು ಸೇರಿದವನೆಂಬ ಅರಿವಿನ ಉತ್ಸವವಾಗಿದ್ದಿತು. ಈ ಅಭಿಮಾನವೇ ಕೆಟ್ಟರೆ ದುರಭಿಮಾನ. ಎರಡಕ್ಕೂ ಬೇರು ಒಂದೇ ಆದುದರಿಂದ, ಕಳೆಯನ್ನು ಕೀಳಹೊರಟವನ ಕೈ ಪೈರಿನ ಮೇಲೆ ಬೀಳುವ ಅಪಾಯ ಈ ಹೊಲದಲ್ಲಿ ಸದಾ ಉಂಟು.

ಆಟಕ್ಕೂ ಗಲಭೆಗೂ ಇರುವ ನಂಟು ಇಂದಿನದಲ್ಲ. 1314ರಲ್ಲಿಯೇ ಲಂಡನ್ ನಗರದ ಮೇಯರು, ದೊಡ್ಡ ಚೆಂಡುಗಳ ಹಿಂದೆ ಓಡುವವರಿಂದ ನಗರದಲ್ಲಿ ಮಹಾಕೋಲಾಹಲವಾಗುತ್ತಿದೆಯೆಂದು ಹೇಳಿ, ಅರಸನ ಹೆಸರಿನಲ್ಲಿ ಆ ಆಟವನ್ನು ನಿಷೇಧಿಸಿ, ಮೀರಿದವರಿಗೆ ಸೆರೆಮನೆಯೆಂದು ಸಾರಿದನು. 1909ರಲ್ಲಿ ಗ್ಲಾಸ್ಗೋವಿನ ಹ್ಯಾಂಪ್ಡೆನ್ ಪಾರ್ಕಿನಲ್ಲಿ ರೇಂಜರ್ಸ್ ಮತ್ತು ಸೆಲ್ಟಿಕ್ ತಂಡಗಳ ನಡುವಣ ಸ್ಕಾಟಿಷ್ ಕಪ್ಪಿನ ಮರುಪಂದ್ಯವೂ ಸಮವಾಗಿ ಮುಗಿದು, ಹೆಚ್ಚಿನ ಅವಧಿಯ ಆಟ ನಡೆಯುವುದೆಂದು ಕಾದಿದ್ದ ಜನಕ್ಕೆ ಅದು ನಡೆಯುವುದಿಲ್ಲವೆಂದು ತಿಳಿದಾಗ, ಅದುವರೆಗೆ ಒಬ್ಬರನ್ನೊಬ್ಬರು ಕಂಡರಾಗದ ಎರಡು ಪಕ್ಷದವರೂ ಒಂದಾಗಿ ಬಯಲಿಗೆ ನುಗ್ಗಿ, ಟಿಕೆಟ್ಟಿನ ಗೂಡುಗಳಿಗೆ ಬೆಂಕಿಯಿಟ್ಟು, ಪೊಲೀಸರೊಡನೆ ಕಾದಿದರು. ಆ ವರ್ಷ ಕಪ್ಪನ್ನು ಯಾರಿಗೂ ಕೊಡಲಿಲ್ಲ. ‘ಹೂಲಿಗನ್’ ಎಂಬ ಮಾತಂತೂ 1898ರ ಸುಮಾರಿಗೆ ಲಂಡನ್ನಿನ ಪತ್ರಿಕೆಗಳಲ್ಲಿ ಬೀದಿಯ ಪುಂಡರಿಗೆ ಅಂಟಿದುದು. ಕಾಲ್ಚೆಂಡಿನ ಪ್ರೇಕ್ಷಕರಿಗೆ ಅದು ವರ್ಗವಾದದ್ದು ಬಹುಕಾಲದ ಮೇಲೆ.

1960ರ ದಶಕದಿಂದೀಚೆಗೆ ಈ ಪುಂಡಾಟಿಕೆ ಹೊಸ ರೂಪವನ್ನು ತಾಳಿತು. ರೈಲಿನಲ್ಲಿ ಪರಊರಿಗೆ ಪಯಣ ಬೆಳೆಸುವ ತರುಣರು, ಎದುರಾಳಿಗಳು ನಿಲ್ಲುವ ಸೋಪಾನಗಳನ್ನು ಕೋಟೆಯಂತೆ ಹಿಡಿಯುವುದು, ‘ಫರ್ಮು’ಗಳೆಂದು ಕರೆದುಕೊಳ್ಳುವ ಗುಂಪುಗಳು, ಹೊಡೆದುರುಳಿಸಿದವನ ಎದೆಯ ಮೇಲೆ ಇಟ್ಟು ಹೋಗುವ ಅಚ್ಚುಮಾಡಿಸಿದ ಚೀಟಿ, ಇವೆಲ್ಲ ಒಂದು ವಿಕೃತ ಸಂಪ್ರದಾಯವಾಗಿ ಬೆಳೆದುವು. ಕಾರಣವೇನೆಂಬುದರಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಕ್ಲಬ್ಬುಗಳು ಶ್ರಮಜೀವಿಗಳ ಕೈತಪ್ಪಿ ವ್ಯಾಪಾರಸಂಸ್ಥೆಗಳಾದುದರ ವಿರುದ್ಧ ಎದ್ದ ಕುರುಡು ಪ್ರತಿಭಟನೆಯಿದೆಂದು ಇಯಾನ್ ಟೇಲರ್ ಬಗೆದರು. ಲೆಸ್ಟರ್ ವಿಶ್ವವಿದ್ಯಾನಿಲಯದ ಎರಿಕ್ ಡನಿಂಗ್ ಮತ್ತವರ ಸಂಗಡಿಗರು, ನಾರ್ಬರ್ಟ್ ಎಲಿಯಾಸರ ನಾಗರಿಕತಾಸಿದ್ಧಾಂತವನ್ನು ಹಿಡಿದು, ಸಮಾಜದ ಕೆಳಸ್ತರಗಳಲ್ಲಿ ಒರಟುತನವೇ ಪೌರುಷವೆಂದು ಉಳಿದುಬಂದುದನ್ನು ತೋರಿಸಿದರು. ಆಕ್ಸ್‌ಫರ್ಡಿನ ಪೀಟರ್ ಮಾರ್ಷ್ ಹೊರಗಿನವರಿಗೆ ಅರಾಜಕವಾಗಿ ಕಾಣುವ ಈ ಗುಂಪುಗಳೊಳಗೂ ತಮ್ಮವೇ ಆದ ಕಟ್ಟುಕಟ್ಟಳೆಗಳಿದ್ದು, ಕಾಳಗದ ಬಹುಭಾಗ ಬೆದರಿಕೆಯ ಅಭಿನಯದಲ್ಲಿಯೇ ಮುಗಿಯುವುದೆಂದರು. ಮೂರರಲ್ಲಿಯೂ ಸತ್ಯಾಂಶವುಂಟು, ಆದರೆ ಮಾರ್ಷರ ಮಾತನ್ನು ಕೇಳಿ ನೆಮ್ಮದಿಯಾಗಿರಲು 1985ನೆಯ ವರ್ಷ ಯಾರಿಗೂ ಅವಕಾಶವೀಯಲಿಲ್ಲ.

ಆ ವರ್ಷದ ಮಾರ್ಚಿ 13ರಂದು ಲ್ಯೂಟನ್ ಪಟ್ಟಣದಲ್ಲಿ ಮಿಲ್ವಾಲ್ ತಂಡದ ಹಿಂಬಾಲಕರು ಕುರ್ಚಿಗಳನ್ನು ಕಿತ್ತು ಎಸೆದು ಬಯಲನ್ನು ರಣರಂಗವಾಗಿಸಿದರು. ಮೇ 29ರಂದು ಬ್ರಸೆಲ್ಸಿನ ಹೈಸೆಲ್ ಕ್ರೀಡಾಂಗಣದಲ್ಲಿ, ಯುವೆಂಟಸ್ ಮತ್ತು ಲಿವರ್‌ಪೂಲ್ ತಂಡಗಳ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯಕ್ಕೆ ಮುನ್ನ, ಲಿವರ್‌ಪೂಲಿನ ಹಲವು ಬೆಂಬಲಿಗರು ಪಕ್ಕದ ಆವರಣದಲ್ಲಿದ್ದವರ ಮೇಲೆ ಏರಿಹೋದರು. ಹಿಂಜರಿದ ಜನ ಗೋಡೆಗೆ ಒತ್ತರಿಸಿ, ಗೋಡೆ ಕುಸಿದು, 39 ಮಂದಿ ಸತ್ತರು. ಅವರಲ್ಲಿ 32 ಮಂದಿ ಇಟಲಿಯವರು. ಇದರಲ್ಲಿ ಯಾವ ಸಮಾಜಶಾಸ್ತ್ರದ ಸಮಾಧಾನಕ್ಕೂ ಎಡೆಯಿಲ್ಲ. ಇಂಗ್ಲೆಂಡಿನ ಕ್ಲಬ್ಬುಗಳಿಗೆ ಐದು ವರ್ಷ ಯೂರೋಪಿನ ಪಂದ್ಯಗಳಿಂದ ಬಹಿಷ್ಕಾರವಾಯಿತು, ಲಿವರ್‌ಪೂಲಿಗೆ ಆರು. 14 ಮಂದಿ ಬೆಂಬಲಿಗರು 1989ರಲ್ಲಿ ಬೆಲ್ಜಿಯಮ್ಮಿನ ನ್ಯಾಯಾಲಯದಲ್ಲಿ ನರಹತ್ಯೆಯ ದೋಷಿಗಳೆನಿಸಿದರು. ಪಂದ್ಯವನ್ನು ಏರ್ಪಡಿಸಿದವರ ಮತ್ತು ಕಾವಲಿನವರ ಲೋಪವನ್ನೂ ಆ ನ್ಯಾಯಾಲಯ ಮರೆಯದೆ, ಒಬ್ಬ ಪೊಲೀಸು ಅಧಿಕಾರಿಗೂ ಬೆಲ್ಜಿಯಮ್ಮಿನ ಕಾಲ್ಚೆಂಡಿನ ಸಂಘದ ಮಾಜಿ ಕಾರ್ಯದರ್ಶಿಗೂ ಶಿಕ್ಷೆ ವಿಧಿಸಿತೆಂಬುದನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದೆ ಅದು ನಮಗೆ ಬೇಕಾಗುತ್ತದೆ.

ಇವೆರಡರ ನಡುವೆ, ಮೇ 11ರಂದು, ಬ್ರ್ಯಾಡ್‌ಫರ್ಡಿನಲ್ಲಿ ಇನ್ನೊಂದು ದುರಂತ ನಡೆದಿದ್ದಿತು. ಅಲ್ಲಿ ಪುಂಡಾಟಿಕೆಯ ಸೋಂಕೇ ಇರಲಿಲ್ಲ. ಮರದ ಹಳೆಯ ಗ್ಯಾಲರಿಯ ಅಡಿಯಲ್ಲಿ ವರ್ಷಾಂತರಗಳಿಂದ ಕೂಡಿದ್ದ ಕಸಕ್ಕೆ ಕಿಡಿ ತಾಗಿ, ಕೆಲವೇ ನಿಮಿಷಗಳಲ್ಲಿ ಗ್ಯಾಲರಿಯೆಲ್ಲ ಉರಿದು, 56 ಮಂದಿ ಬೆಂದುಹೋದರು. ಹಿಂದಿನ ಬಾಗಿಲುಗಳ ಕಡೆಗೆ ಓಡಿದವರಿಗೆ ಅವು ಮುಚ್ಚಿದ್ದುವು. ಮುಂದಕ್ಕೆ, ಆಟದ ಬಯಲಿಗೆ ಹಾರಿದವರು ಉಳಿದರು. ಅವರು ಉಳಿದುದು ಆ ಗ್ಯಾಲರಿಯ ಮುಂದೆ ಬೇಲಿಯಿಲ್ಲದಿದ್ದ ಕಾರಣದಿಂದ. ಬೇಲಿಯಿದ್ದಿದ್ದರೆ ಸಾವಿನ ಸಂಖ್ಯೆ ಎಷ್ಟೋ ಪಾಲು ಹೆಚ್ಚುತ್ತಿತ್ತೆಂದು ವಿಚಾರಣೆ ನಡೆಸಿದ ನ್ಯಾಯಮೂರ್ತಿ ಪಾಪಲ್‌ವೆಲ್ಲರ ವರದಿ ತಿಳಿಸಿತು. ಒಂದೇ ಮಾಸದಲ್ಲಿ ವಿಧಿ ಎರಡು ಪಾಠಗಳನ್ನು ಹೇಳಿತು: ಪ್ರೇಕ್ಷಕನಿಂದ ಇತರರನ್ನು ಕಾಪಾಡಬೇಕು, ಪ್ರೇಕ್ಷಕನನ್ನೂ ಕಾಪಾಡಬೇಕು. ಆ ದೇಶ ಮೊದಲನೆಯದನ್ನು ಕಲಿತು ಎರಡನೆಯದನ್ನು ಮರೆಯಿತು. ಬೇಲಿಗಳು ಎತ್ತರವಾದುವು. ಚೆಲ್ಸಿ ಕ್ಲಬ್ಬಿನ ಅಂದಿನ ಅಧ್ಯಕ್ಷರಾದ ಕೆನ್ ಬೇಟ್ಸ್, ಈ ದುರಂತಗಳಿಗೆ ಮುನ್ನವೇ, ದನಗಳ ದೊಡ್ಡಿಗೆ ಹಾಕುವಂಥ ವಿದ್ಯುತ್ ಬೇಲಿಯನ್ನೇ ತಮ್ಮ ಅಂಗಳದಲ್ಲಿ ಹಾಕಿಸಿದ್ದರು. ಲಂಡನ್ನಿನ ಆಡಳಿತಮಂಡಲಿಯು ಅನುಮತಿ ಕೊಡದೆ ಹೋದುದರಿಂದ ಅದರೊಳಗೆ ವಿದ್ಯುತ್ತು ಹರಿಯಲಿಲ್ಲ. ಹರಿಯದಿದ್ದರೇನು, ಅಂಥದೊಂದನ್ನು ಹಾಕಬಹುದೆಂಬ ಭಾವನೆ ಒಬ್ಬ ಮುಖ್ಯಸ್ಥರಿಗೆ ಬಂದುದೇ ಕಾಲದ ಚಿತ್ತವೃತ್ತಿಗೆ ಸಾಕ್ಷಿ. ಕಾನೂನೂ ಅದೇ ದಾರಿ ಹಿಡಿಯಿತು. 1985ರಲ್ಲಿ ಕ್ರೀಡಾಂಗಣಗಳ ಮದ್ಯನಿಯಂತ್ರಣದ ಶಾಸನ, 1986ರ ಸಾರ್ವಜನಿಕ ಸುವ್ಯವಸ್ಥೆಯ ಶಾಸನದಲ್ಲಿ ಬಹಿಷ್ಕಾರದ ಆಜ್ಞೆಗಳು, ಅನಂತರ ಪ್ರತಿಯೊಬ್ಬ ಪ್ರೇಕ್ಷಕನೂ ಗುರುತಿನ ಚೀಟಿಯಿಲ್ಲದೆ ಒಳಗೆ ಬರಲಾಗದೆಂಬ ಯೋಜನೆ.

ಆಮೇಲೆ 1989ರ ಏಪ್ರಿಲ್ 15. ಶೆಫೀಲ್ಡ್ ನಗರದ ಹಿಲ್ಸ್‌ಬರೋ ಅಂಗಳದಲ್ಲಿ ಲಿವರ್‌ಪೂಲಿಗೂ ನಾಟಿಂಗ್‌ಹ್ಯಾಮ್ ಫಾರೆಸ್ಟಿಗೂ ಎಫ್.ಎ. ಕಪ್ಪಿನ ಸೆಮಿಫೈನಲ್. ಇಲ್ಲಿ ನಾನು ಸ್ವಲ್ಪ ನಿಧಾನಿಸುವುದನ್ನು ಸಭಿಕರು ಕ್ಷಮಿಸಬೇಕು.

ಲೆಪ್ಪಿಂಗ್ಸ್ ಲೇನ್ ಎಂಬ ಓಣಿಯ ಕಡೆಯಿಂದ, ನಿಂತು ನೋಡುವ ಟಿಕೆಟ್ಟು ಪಡೆದಿದ್ದ 10,100 ಮಂದಿ ಒಳಗೆ ಹೋಗಬೇಕಾಗಿದ್ದುದು ಏಳು ತಿರುಗುಬಾಗಿಲುಗಳ ಮೂಲಕ. ಆಟ ಆರಂಭವಾಗಲು ಅರ್ಧ ಗಂಟೆಯಿದ್ದಾಗ ಹೊರಗೆ ಜನ ಉಸಿರುಗಟ್ಟುವಷ್ಟು ಒತ್ತಾಗಿ ನಿಂತಿದ್ದರು. ಆಟವನ್ನು ಕಾಲುಗಂಟೆ ಮುಂದೂಡಿದ್ದರೆ ಸಾಕಾಗಿತ್ತು, ಮುಂದೂಡಲಿಲ್ಲ. ಅಲ್ಲಿನ ಕಾವಲಿನ ಹೊಣೆಯನ್ನು ಕೆಲವೇ ವಾರಗಳ ಹಿಂದೆ ವಹಿಸಿಕೊಂಡಿದ್ದ ಪೊಲೀಸು ಅಧಿಕಾರಿ ಡೇವಿಡ್ ಡಕನ್‌ಫೀಲ್ಡರ ಅಪ್ಪಣೆಯಂತೆ 2 ಗಂಟೆ 52 ನಿಮಿಷಕ್ಕೆ ಒಂದು ನಿರ್ಗಮದ್ವಾರವನ್ನು ತೆರೆದರು. ಬಂದವರಿಗೆ ಎದುರಾಗಿ ಕಂಡುದು ಒಂದು ಸುರಂಗಮಾರ್ಗ. ಅದರ ಕೊನೆಯಲ್ಲಿ, ಆಗಲೇ ತುಂಬಿ ತುಳುಕುತ್ತಿದ್ದ, ಮುಂದೆಯೂ ಪಕ್ಕಗಳಲ್ಲಿಯೂ ಉಕ್ಕಿನ ಬೇಲಿಯಿದ್ದ ಎರಡು ಅಂಕಣಗಳು. ಎಡಬಲದ ಅಂಕಣಗಳಲ್ಲಿ ಜಾಗ ಬೇಕಾದಷ್ಟಿದ್ದಿತು. ಸುರಂಗದ ಬಾಯಿಯನ್ನು ಮುಚ್ಚಿ ಜನವನ್ನು ಆ ಕಡೆಗೆ ತಿರುಗಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಮುಂದಿನ ಸಾಲಿನವರು ಬೇಲಿಗೆ ಅಂಟಿಕೊಂಡು ನಿಂತಲ್ಲೇ ಪ್ರಾಣಬಿಡುತ್ತಿದ್ದರು. ಕೆಲವರು ಬೇಲಿ ಹತ್ತಿ ಬಯಲಿಗೆ ಇಳಿಯಲು ಯತ್ನಿಸಿದಾಗ, ಎದುರಿಗಿದ್ದ ಹಲವು ಪೊಲೀಸರ ಕಣ್ಣಿಗೆ ಅದು ಪ್ರಾಣಭಯವಾಗಿ ಕಾಣದೆ ಪುಂಡಾಟಿಕೆಯಾಗಿ ಕಂಡಿತು. 3 ಗಂಟೆ 6 ನಿಮಿಷಕ್ಕೆ ಆಟ ನಿಂತಿತು. ಗಾಯಗೊಂಡವರನ್ನು ಜಾಹೀರಾತಿನ ಹಲಗೆಗಳನ್ನು ಕಿತ್ತು ಅವುಗಳ ಮೇಲೆ ಹೊತ್ತು ಓಡಿದವರು ಅದೇ ಪ್ರೇಕ್ಷಕರು. ಅದೇ ಹೊತ್ತಿನಲ್ಲಿ ಬಯಲಿನ ನಡುವೆ ಪೊಲೀಸರ ಸಾಲೊಂದು, ಎದುರು ಪಕ್ಷದವರ ಮೇಲೆ ಇವರು ಬೀಳದಿರಲೆಂದು, ಅಡ್ಡವಾಗಿ ನಿಂತಿದ್ದಿತು.

ವರ್ಷಗಳಿಂದ ಜನವನ್ನು ಶಂಕಿಸಿ ಶಂಕಿಸಿ, ಕೊನೆಗೆ ಸಾಯುತ್ತಿರುವ ಮನುಷ್ಯನನ್ನು ಗುರುತಿಸುವ ಶಕ್ತಿಯೇ ಕಾವಲಿನವನ ಕಣ್ಣಿಗೆ ನಷ್ಟವಾದ ಈ ಸ್ಥಿತಿಗಿಂತ ದಾರುಣವಾದುದು ದಂಡನೀತಿಯ ಇತಿಹಾಸದಲ್ಲಿ ನನಗೆ ಕಾಣದು. ಅದು ಅಲ್ಲಿಗೇ ಮುಗಿಯಲಿಲ್ಲ. ಜನ ಬಾಗಿಲನ್ನು ಒಡೆದು ನುಗ್ಗಿದರೆಂದು ಡಕನ್‌ಫೀಲ್ಡರು ಆ ಮಧ್ಯಾಹ್ನವೇ ಹೇಳಿದರು. ಅಪ್ಪಣೆ ತಮ್ಮದೇ ಆಗಿದ್ದಿತು. ಮೃತರೆಲ್ಲರ ರಕ್ತದಲ್ಲಿ ಮದ್ಯದ ಅಂಶವಿದೆಯೇ ಎಂದು ಪರೀಕ್ಷೆ ಮಾಡಿಸಿದರು. ಮೃತರಲ್ಲಿ ಅತಿ ಕಿರಿಯನಿಗೆ ಹತ್ತು ವರ್ಷ. ಕೆಲವರ ಹೆಸರಿನಲ್ಲಿ ಹಳೆಯ ಅಪರಾಧವೇನಾದರೂ ಇದೆಯೇ ಎಂದು ಪೊಲೀಸು ದಾಖಲೆಗಳನ್ನು ಜಾಲಾಡಿದರು. ನಾಲ್ಕು ದಿನಗಳ ತರುವಾಯ ‘ದಿ ಸನ್’ ಪತ್ರಿಕೆಯು, ಬೆಂಬಲಿಗರು ಸತ್ತವರ ಜೇಬು ಕತ್ತರಿಸಿದರೆಂಬ ಸುಳ್ಳನ್ನು ‘ಸತ್ಯ’ವೆಂಬ ಶೀರ್ಷಿಕೆಯ ಕೆಳಗೆ ಅಚ್ಚುಮಾಡಿತು, ಲಿವರ್‌ಪೂಲಿನ ಅಸಂಖ್ಯಾತ ಮನೆಗಳಿಗೆ ಆ ಪತ್ರಿಕೆ ಇಂದಿಗೂ ಬರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂದು ನಮ್ಮ ಗಾದೆ. ಇಲ್ಲಿ ಬರೆ ಎಳೆದುದು ಹೆಣಗಳಿಗೆ.

ಲಾರ್ಡ್ ಜಸ್ಟಿಸ್ ಟೇಲರರು ಅದೇ ಆಗಸ್ಟಿನಲ್ಲಿ ಕೊಟ್ಟ ಮಧ್ಯಂತರ ವರದಿಯಲ್ಲಿಯೇ, ದುರಂತಕ್ಕೆ ಮುಖ್ಯಕಾರಣ ಪೊಲೀಸರ ನಿಯಂತ್ರಣ ತಪ್ಪಿದುದೆಂದು ನಿಸ್ಸಂದಿಗ್ಧವಾಗಿ ಹೇಳಿದರು. 1990ರ ಜನವರಿಯ ಅಂತಿಮ ವರದಿಯಲ್ಲಿ ಗುರುತಿನ ಚೀಟಿಯ ಯೋಜನೆಯನ್ನು ತಳ್ಳಿಹಾಕಿ, ನಿಲ್ಲುವ ಸೋಪಾನಗಳ ಬದಲು ಎಲ್ಲರಿಗೂ ಆಸನಗಳಿರಲೆಂದು ಸಲಹೆಯಿತ್ತರು. ಬೇಲಿಗಳು ಇಳಿದುವು. ಬೇಲಿಗಳಿಲ್ಲದಿದ್ದರೆ ಜನ ಬಯಲಿಗೆ ನುಗ್ಗಿ ಅನಾಹುತವಾಗುವುದೆಂದು ಹೆದರಿದವರ ಹೆದರಿಕೆ ಬಹುಮಟ್ಟಿಗೆ ಸುಳ್ಳಾಯಿತು. ಆಸನಗಳೊಡನೆ ಟಿಕೆಟ್ಟಿನ ಬೆಲೆಯೂ ಏರಿ, ಆ ಹಡಗುಕಟ್ಟೆಯ ಕೂಲಿಯ ಮೊಮ್ಮಗ ತನ್ನ ತಂಡದ ಆಟವನ್ನು ಇಂದು ಹೆಂಡದಂಗಡಿಯ ಟೆಲಿವಿಷನ್ನಿನಲ್ಲಿ ನೋಡಬೇಕಾಗಿ ಬಂದಿರುವುದು ಬೇರೊಂದು ಉಪನ್ಯಾಸಕ್ಕೆ ವಸ್ತು.

ಈಗಿನ ಶಾಸನಗಳಿಗೆ ಬರೋಣ. 1991ರ ಕಾಲ್ಚೆಂಡಿನ ಅಪರಾಧಗಳ ಶಾಸನವು ವಸ್ತುಗಳನ್ನು ಎಸೆಯುವುದು, ಅಶ್ಲೀಲವಾಗಿ ಅಥವಾ ಜನಾಂಗನಿಂದೆಯಾಗಿ ಗುಂಪುಗೂಡಿ ಕೂಗುವುದು, ಕಾರಣವಿಲ್ಲದೆ ಬಯಲಿಗಿಳಿಯುವುದು ಎಂಬಿವನ್ನು ಸ್ಪಷ್ಟವಾದ ಅಪರಾಧಗಳನ್ನಾಗಿ ಮಾಡಿತು. 2000ನೆಯ ಇಸವಿಯ ಯೂರೋಪಿಯನ್ ಪಂದ್ಯಾವಳಿಯಲ್ಲಿ ಬ್ರಸೆಲ್ಸ್ ಮತ್ತು ಶಾರ್ಲರುವಾ ನಗರಗಳ ಚೌಕಗಳಲ್ಲಿ ಇಂಗ್ಲೆಂಡಿನ ಪುಂಡರು ನಡೆಸಿದ ಹಾವಳಿಯ ಬೆನ್ನಿಗೇ ಬಂದ ಶಾಸನವು ಬಹಿಷ್ಕಾರದ ಆಜ್ಞೆಗೆ ಇಂದಿನ ರೂಪವನ್ನು ಕೊಟ್ಟಿತು. ಈ ಆಜ್ಞೆಗೆ ಗುರಿಯಾದವನು ಮೂರರಿಂದ ಹತ್ತು ವರ್ಷಗಳವರೆಗೆ ಯಾವ ನಿಯತ ಪಂದ್ಯಕ್ಕೂ ಹೋಗುವಂತಿಲ್ಲ; ತನ್ನ ದೇಶದ ತಂಡ ಹೊರನಾಡಿನಲ್ಲಿ ಆಡುವಾಗ ರಹದಾರಿಯನ್ನು ಪೊಲೀಸರಿಗೆ ಒಪ್ಪಿಸಿ, ಠಾಣೆಗೆ ಹಾಜರಾಗಬೇಕು. ಅಪರಾಧ ಸ್ಥಾಪಿತವಾಗದಿದ್ದರೂ, ಹಿಂದೆ ಹಿಂಸೆಯಲ್ಲಿ ತೊಡಗಿದ್ದನೆಂದು ಪೊಲೀಸರು ಮನಗಾಣಿಸಿದರೆ ನ್ಯಾಯಾಧಿಕಾರಿ ಈ ಆಜ್ಞೆಯನ್ನು ಹೊರಡಿಸಬಹುದು. ಇದು ನ್ಯಾಯವೇ ಎಂಬ ಪ್ರಶ್ನೆ ಸಹಜವಾಗಿ ಎದ್ದು, 2002ರಲ್ಲಿ ಅಪೀಲು ನ್ಯಾಯಾಲಯದ ಮುಂದೆ ಬಂದಿತು. ಆಜ್ಞೆಯು ಶಿಕ್ಷೆಯಲ್ಲ, ಮುಂಜಾಗ್ರತೆ ಎಂದು ಎಣಿಸಿದರೂ, ಅದರ ಪರಿಣಾಮ ಗುರುತರವಾದುದರಿಂದ ಸಾಕ್ಷ್ಯದ ಮಟ್ಟ ಕ್ರಿಮಿನಲ್ ಮೊಕದ್ದಮೆಯದಕ್ಕಿಂತ ಹೆಚ್ಚು ಭಿನ್ನವಾಗಿರಲಾಗದೆಂದು ನ್ಯಾಯಾಲಯ ಗೆರೆ ಎಳೆಯಿತು.

ಕೌಟಿಲ್ಯನು ತೀಕ್ಷ್ಣದಂಡನಾದ ಅರಸನಿಗೆ ಜನ ಹೆದರಿ ದೂರವಾಗುವರೆಂದೂ, ಮೃದುದಂಡನಾದವನನ್ನು ಕಡೆಗಣಿಸುವರೆಂದೂ, ಯಥಾರ್ಹದಂಡನೇ ಪೂಜ್ಯನೆಂದೂ ವಿಂಗಡಿಸುತ್ತಾನೆ. ‘ಅರ್ಹ’ ಎಂಬಲ್ಲಿ ಅರ್ಥವೆಲ್ಲ ಅಡಗಿದೆ. ದಂಡವು ಅರ್ಹನನ್ನು ಹುಡುಕಿಕೊಂಡು ಹೋಗಬೇಕು. ಬಹಿಷ್ಕಾರದ ಆಜ್ಞೆಯ ವಿಷಯದಲ್ಲಿ ನನಗೆ ಸಂಕೋಚಗಳಿದ್ದರೂ, ಅದರ ಒಂದು ಗುಣಕ್ಕಾಗಿ ನಾನು ಅದರ ಪಕ್ಷಪಾತಿ: ಅದರ ಮೇಲೆ ಒಬ್ಬ ಮನುಷ್ಯನ ಹೆಸರಿರುತ್ತದೆ, ಅವನು ಮಾಡಿದ ಕೃತ್ಯವಿರುತ್ತದೆ, ಅವನಿಗೆ ಮೇಲ್ಮನವಿಯ ಹಕ್ಕಿರುತ್ತದೆ. ಬೇಲಿಗೆ ಹೆಸರಿಲ್ಲ. 2008ರ ನವೆಂಬರಿನಲ್ಲಿ ಮ್ಯಾಂಚೆಸ್ಟರಿನ ಬಳಿಯ ಅರ್ಲಮ್ ಎಂಬಲ್ಲಿ ಹೆಂಡದಂಗಡಿಯೊಂದರಲ್ಲಿ ಕುಳಿತಿದ್ದ ಸ್ಟೋಕ್ ತಂಡದ ಬೆಂಬಲಿಗರನ್ನು, ಗಲಭೆಯಾಗಬಹುದೆಂಬ ಒಂದೇ ಊಹೆಯ ಮೇಲೆ, ಒಟ್ಟಾಗಿ ಬಸ್ಸುಗಳಲ್ಲಿ ತುಂಬಿ ಊರಿಗೆ ಹಿಂದಿರುಗಿಸಿದುದಕ್ಕೆ ಪೊಲೀಸರು ತರುವಾಯ ಕ್ಷಮೆ ಕೇಳಿ ಪರಿಹಾರ ಕೊಡಬೇಕಾಯಿತು.

ಇದಕ್ಕೆ ಪ್ರತಿಯಾದ ಮಾರ್ಗವೂ ಪರೀಕ್ಷಿತವಾಗಿದೆ. ಸಮೂಹದ ಮನಸ್ಸನ್ನು ಅಭ್ಯಸಿಸಿದ ಕ್ಲಿಫರ್ಡ್ ಸ್ಟಾಟ್ ಮತ್ತವರ ಸಂಗಡಿಗರ ಸಲಹೆಯಂತೆ 2004ರ ಯೂರೋಪಿಯನ್ ಪಂದ್ಯಾವಳಿಯಲ್ಲಿ ಪೋರ್ಚುಗಲ್ಲಿನ ನಗರಪೊಲೀಸರು, ಶಿರಸ್ತ್ರಾಣ ಗುರಾಣಿಗಳನ್ನು ಕಣ್ಮರೆಯಲ್ಲಿರಿಸಿ, ಜೋಡಿಜೋಡಿಯಾಗಿ ಜನರ ನಡುವೆ ಓಡಾಡುತ್ತ, ಮಾತನಾಡಿಸುತ್ತ, ಕಿಡಿಯೆದ್ದ ಕಡೆ ಕಿಡಿಯೆಬ್ಬಿಸಿದವನನ್ನು ಮಾತ್ರ ಹಿಡಿಯುತ್ತ ಕಾವಲು ನಡೆಸಿದರು. ಆ ನಗರಗಳಲ್ಲಿ ಇಂಗ್ಲೆಂಡಿನ ಬೆಂಬಲಿಗರಿಂದ ದೊಡ್ಡ ಗಲಭೆಯೇ ಆಗಲಿಲ್ಲ; ಅದೇ ದಿನಗಳಲ್ಲಿ, ಬೇರೆ ಪಡೆಯ ಬೇರೆ ಪದ್ಧತಿಯ ಕಾವಲಿದ್ದ ಅಲ್ಬುಫೈರಾದಲ್ಲಿ ಆಯಿತು. ಗುಂಪನ್ನೆಲ್ಲ ಶತ್ರುವೆಂದು ಎಣಿಸಿದರೆ, ಅದುವರೆಗೆ ಪುಂಡನಿಂದ ದೂರ ನಿಂತವನೂ ಪುಂಡನ ಪಕ್ಕಕ್ಕೆ ಸರಿಯುವನೆಂಬುದು ಸ್ಟಾಟರ ಸಿದ್ಧಾಂತದ ತಿರುಳು. ಲೋಕಾನುಭವವಿದ್ದ ಯಾವ ಹಳ್ಳಿಯ ಗೌಡನೂ ಇದನ್ನು ಬಲ್ಲ. ಜಾತ್ರೆಯಲ್ಲಿ ಒಬ್ಬ ಕುಡುಕನಿಗಾಗಿ ಅವನು ತೇರು ಎಳೆಯುವವರೆಲ್ಲರ ಮೇಲೆ ಬೆತ್ತ ಬೀಸುವುದಿಲ್ಲ.

ಬೆತ್ತಕ್ಕಿಂತ ಭಯಂಕರವಾದುದು ಅಶ್ರುವಾಯು. 1964ರಲ್ಲಿ ಪೆರು ದೇಶದ ಲೀಮಾದಲ್ಲಿ, ರದ್ದಾದ ಒಂದು ಗೋಲಿನ ನಿಮಿತ್ತ ಬಯಲಿಗಿಳಿದವರನ್ನು ಚದುರಿಸಲೆಂದು ಪೊಲೀಸರು ಅದನ್ನು ಸಿಡಿಸಲು, ಕಣ್ಣು ಕಾಣದೆ ಮೆಟ್ಟಿಲಿಳಿದ ಜನ ಮುಚ್ಚಿದ ಬಾಗಿಲುಗಳಿಗೆ ಒತ್ತರಿಸಿ 300ಕ್ಕೂ ಮೇಲ್ಪಟ್ಟು ಸತ್ತರು. 2001ರಲ್ಲಿ ಘಾನಾದ ಅಕ್ರಾದಲ್ಲಿ ಅದೇ ಕಥೆ. 2022ರ ಅಕ್ಟೋಬರ್ 1ರಂದು ಇಂಡೊನೇಷ್ಯದ ಕಂಜುರುಹಾನ್ ಅಂಗಳದಲ್ಲಿ ಅದೇ, 135 ಮಂದಿ. ಕ್ರೀಡಾಂಗಣದೊಳಗೆ ಅಶ್ರುವಾಯು ಕೂಡದೆಂದು ಫಿಫಾ ಸಂಸ್ಥೆಯ ನಿಯಮ ಅಷ್ಟರಲ್ಲಿ ಎಷ್ಟೋ ಕಾಲದಿಂದ ಇದ್ದಿತು. ಪುಂಡರು ತೆಗೆದ ಪ್ರಾಣಗಳಿಗಿಂತ ಪುಂಡರ ಭಯವು ತೆಗೆದ ಪ್ರಾಣಗಳೇ ಹೆಚ್ಚೆಂದು ಈ ಮೂರು ಹೆಸರುಗಳನ್ನು ಹಿಲ್ಸ್‌ಬರೋದೊಡನೆ ಇಟ್ಟು ನೋಡಿದವನಿಗೆ ಅನ್ನಿಸದೆ ಇರದು.

ನಮ್ಮ ದೇಶ ಇದಕ್ಕೆ ಹೊರತೆಂದು ತಿಳಿಯಲಾಗದು. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ಬೆಂಬಲಿಗರ ಹೊಡೆದಾಟದಲ್ಲಿಯೂ ಅದರಿಂದಾದ ಕಾಲ್ತುಳಿತದಲ್ಲಿಯೂ 16 ಮಂದಿ ಮಡಿದರು. ಆ ದಿನವನ್ನು ಬಂಗಾಳಿಗಳು ಕಾಲ್ಚೆಂಡಿನ ಪ್ರೇಮಿಗಳ ದಿನವೆಂದು ರಕ್ತದಾನದಿಂದ ಆಚರಿಸುತ್ತಾರೆ. ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ ಪ್ರಾಣಬಿಟ್ಟ 11 ಮಂದಿ ಕ್ರಿಕೆಟ್ಟಿನ ಅಭಿಮಾನಿಗಳು. ಅವರು ಗಲಭೆಗೆ ಬಂದವರಲ್ಲ, ಗೆಲುವಿನ ಸಂತೋಷಕ್ಕೆ ಬಂದವರು. ‘ಜನ ಯಾಕೆ ಅಷ್ಟು ಬಂದರು’ ಎಂಬ ಮಾತು ನಮ್ಮ ನಡುವೆಯೂ ಕೇಳಿಬಂದಿತು. ಅದು ಹಿಲ್ಸ್‌ಬರೋದ ಮೊದಲ ಮಧ್ಯಾಹ್ನದ ಮಾತೇ ಆಗಿದೆಯೆಂದು ವಿನಯದಿಂದ ಜ್ಞಾಪಿಸುತ್ತೇನೆ. ಬರುವ ಜನವನ್ನು ಎಣಿಸಿ, ಬಾಗಿಲುಗಳನ್ನು ಅಳೆದು, ಹೊಣೆಗಾರನ ಹೆಸರನ್ನು ಮೊದಲೇ ಬರೆದಿಡುವುದು ಕರೆದವರ ಕರ್ತವ್ಯ.

ಪುಂಡಾಟಿಕೆ ಅಳಿದುಹೋಯಿತೆಂದು ನಾನು ಹೇಳಲಾರೆ. 2021ರ ಜುಲೈ 11ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಇಟಲಿ ತಂಡಗಳ ನಡುವೆ ಯೂರೋಪಿಯನ್ ಪಂದ್ಯಾವಳಿಯ ಅಂತಿಮ ಪಂದ್ಯ ನಡೆದ ದಿನ ಟಿಕೆಟ್ಟಿಲ್ಲದ ಸುಮಾರು 2,000 ಮಂದಿ ಬಾಗಿಲುಗಳಲ್ಲಿ ನುಗ್ಗಿದರೆಂದೂ, ಪ್ರಾಣಹಾನಿ ಸ್ವಲ್ಪದರಲ್ಲಿ ತಪ್ಪಿತೆಂದೂ ಬ್ಯಾರೊನೆಸ್ ಕೇಸಿಯವರ ವರದಿ ಹೇಳಿತು. ಅದೇ ರಾತ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಮೂವರು ಕರಿಯ ಆಟಗಾರರ ಮೇಲೆ ಜನಾಂಗನಿಂದೆಯ ಮಳೆಗರೆದವರಿಗಾಗಿ ಬಹಿಷ್ಕಾರದ ಆಜ್ಞೆಯನ್ನು ಮರುವರ್ಷ ಅಂತರಜಾಲದ ನಿಂದೆಗೂ ವಿಸ್ತರಿಸಿದರು. ಅದು ಸರಿಯಾದ ಕ್ರಮ. ಹೆಸರು ಹಿಡಿದು ದಂಡಿಸಲಿ, ಕಠಿನವಾಗಿಯೇ ದಂಡಿಸಲಿ. ಆದರೆ ಕಠಿನತೆ ಸಮವಾಗಿರಬೇಡವೆ? ಹೈಸೆಲ್ಲಿನಲ್ಲಿ ಬೆಂಬಲಿಗನೂ ಅಧಿಕಾರಿಯೂ ಒಂದೇ ಕಟಕಟೆಯಲ್ಲಿ ನಿಂತರೆಂದು ಆಗಲೇ ಹೇಳಿದೆನಷ್ಟೆ.

ಹಿಲ್ಸ್‌ಬರೋದ ತಾಯಂದಿರೂ ತಂದೆಯರೂ 1991ರ ‘ಆಕಸ್ಮಿಕ ಮರಣ’ವೆಂಬ ತೀರ್ಪನ್ನು ಒಪ್ಪದೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಗಿಲಿಂದ ಬಾಗಿಲಿಗೆ ಅಲೆದರು. 2012ರಲ್ಲಿ ಸ್ವತಂತ್ರ ಮಂಡಲಿಯೊಂದು ದಾಖಲೆಗಳನ್ನು ಬಯಲಿಗಿಟ್ಟಿತು: ಪೊಲೀಸರ 164 ಹೇಳಿಕೆಗಳು ತಿದ್ದಲ್ಪಟ್ಟಿದ್ದುವು, ಅವುಗಳಲ್ಲಿ 116ರಿಂದ ಪೊಲೀಸರಿಗೆ ಪ್ರತಿಕೂಲವಾದ ಮಾತುಗಳನ್ನು ತೆಗೆದಿದ್ದರು. 2016ರ ಏಪ್ರಿಲ್ 26ರಂದು ಜ್ಯೂರಿಯು ಆ ಸಾವುಗಳು ಕಾನೂನುಬಾಹಿರ ಹತ್ಯೆಗಳೆಂದೂ, ಬೆಂಬಲಿಗರ ವರ್ತನೆ ಅದಕ್ಕೆ ಕಾರಣವಲ್ಲವೆಂದೂ ನಿರ್ಣಯಿಸಿತು. 2019ರಲ್ಲಿ ಡಕನ್‌ಫೀಲ್ಡರು ನರಹತ್ಯೆಯ ಆರೋಪದಿಂದ ಬಿಡುಗಡೆಯಾದರು. ಹೇಳಿಕೆಗಳನ್ನು ತಿದ್ದಿದರೆಂಬ ಆರೋಪದ ಮೊಕದ್ದಮೆ 2021ರಲ್ಲಿ, ಟೇಲರರ ವಿಚಾರಣೆ ನ್ಯಾಯಾಲಯವಾಗಿರಲಿಲ್ಲವೆಂಬ ಕಾರಣದಿಂದ ಬಿದ್ದುಹೋಯಿತು. ಅದೇ ವರ್ಷ, ಅಂದು ಗಾಯಗೊಂಡು ಮೂವತ್ತೆರಡು ವರ್ಷ ನರಳಿದ ಒಬ್ಬರು ತೀರಿಕೊಂಡು, ಮೃತರ ಸಂಖ್ಯೆ 97 ಆಯಿತು. ಆ ಮಧ್ಯಾಹ್ನದ ವಿಷಯದಲ್ಲಿ ಶಿಕ್ಷೆಯಾದುದು ಒಬ್ಬರಿಗೆ: ತಿರುಗುಬಾಗಿಲುಗಳು ಸಾಲದಾದುದಕ್ಕಾಗಿ, ಆ ಅಂಗಳದ ಒಡೆತನವಿದ್ದ ಕ್ಲಬ್ಬಿನ ಅಂದಿನ ಕಾರ್ಯದರ್ಶಿಗೆ, 6,500 ಪೌಂಡು ಜುಲ್ಮಾನೆ.